ಕುಡಿಯುವ ನೀರಿಗೆ ಮಾತ್ರ

ನಾನು ಒಂದು ಪೈಪಿನ ತುಂಡು. ಹುಟ್ಟಿದ್ದು ನೀರು ಹರಿಸುವುದಕ್ಕೆ, ಬದುಕಿದ್ದು ಚೆಂಡು ತಡೆಯುವುದಕ್ಕೆ. ಹಣೆಬರಹ ಅನ್ನುತ್ತಾರಲ್ಲ, ಅದು ನನಗೆ ನಿಜವಾಗಿಯೂ ಇದೆ, ಬೇಕಾದವರು ಓದಿಕೊಳ್ಳಬಹುದು. ‘ಕುಡಿಯುವ ನೀರಿಗೆ ಮಾತ್ರ’ ಎಂದು ಪೈಪಿನ ಕಾರ್ಖಾನೆಯವರೇ ನೀಲಿ ಅಕ್ಷರದಲ್ಲಿ ಅಚ್ಚು ಹಾಕಿ ಕಳಿಸಿದ್ದರು. ಆದರೆ ಅಚ್ಚು ಹಾಕಿದ್ದು ಬೆನ್ನ ಮೇಲೆ. ಹಣೆಬರಹ ಬೆನ್ನ ಮೇಲಿದ್ದರೆ ಯಾರಿಗೆ ಕಾಣುತ್ತದೆ ಹೇಳಿ.

ಬೆಂಗಳೂರಿನ ಹಲಸೂರಿನ ಹಿಂಬದಿಯ ಒಂದು ಓಣಿಯಲ್ಲಿ ಪ್ಲಂಬರ್ ಯಲ್ಲಪ್ಪನ ಮನೆ. ಅಲ್ಲಿ ಬಚ್ಚಲ ಪಕ್ಕದ ಮೂಲೆಯಲ್ಲಿ ಸ್ಪಾನರ್, ರೆಂಚು, ತುಕ್ಕು ಹಿಡಿದ ನಲ್ಲಿಗಳ ನಡುವೆ ನಾನು ಬಿದ್ದುಕೊಂಡಿದ್ದೆ. ಯಾರದೋ ಮನೆಯ ಕೆಲಸ ಮುಗಿದು ಉಳಿದ ಮೊಳದುದ್ದದ ಪೈಪು. ಒಂದಲ್ಲ ಒಂದು ದಿನ ಯಾವುದಾದರೂ ಗೋಡೆಯೊಳಗೆ ಸೇರಿ ತಣ್ಣಗೆ ಸಂಸಾರ ಮಾಡಿಕೊಂಡಿರುತ್ತೇನೆ ಎಂಬ ಕನಸು ನನಗೂ ಇತ್ತು.

ಒಂದು ಸಂಜೆ ಯಲ್ಲಪ್ಪನ ಮಗ ಸಂಪಂಗಿ ಕುಂಟುತ್ತಾ ಒಳಗೆ ಬಂದ. ಕುಂಟುವುದು ಕಾಣಬಾರದೆಂದು ಗೋಡೆ ಹಿಡಿದುಕೊಂಡು ಬಂದ. ಆದರೆ ಅವನಮ್ಮ ಅಕ್ಕಯ್ಯಮ್ಮನ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಇಲಿಯೂ ಓಡಾಡುತ್ತಿರಲಿಲ್ಲ. ಹಿಡಿದು ಕೂರಿಸಿ ಪ್ಯಾಂಟು ಮೇಲೆತ್ತಿದಳು.

“ಕಾಲೇನೋ ಇದು, ಗುಂಡು ಬದನೇಕಾಯೇನೋ?”

ಮೊಣಕಾಲಿಗೂ ಪಾದಕ್ಕೂ ನಡುವೆ, ಮಾಂಸವಿಲ್ಲದೆ ಬರೀ ಮೂಳೆ ಇರುವ ಜಾಗವದು. ಯಾರೋ ಬೂಟುಗಾಲಲ್ಲಿ ಒದ್ದಿದ್ದು ಊದಿಕೊಂಡು ಮಿರಮಿರ ಮಿಂಚುತ್ತಿತ್ತು. ಅಕ್ಕಯ್ಯಮ್ಮ ಅರಿಶಿನ ಸುಣ್ಣ ಕಲಸಿ ಬಳಿದಳು. ಬಳಿಯುತ್ತಾ ಒಂದೊಂದು ಬೆರಳಿಗೂ ಒಂದೊಂದು ಬೈಗುಳ. ಇವತ್ತಿಗೆ ಫುಟ್‌ಬಾಲು ಮುಗಿಯಿತು, ಇನ್ನು ಆ ಮೈದಾನದ ಕಡೆ ತಲೆ ಹಾಕಿ ಮಲಗಿದರೂ ಕಾಲು ಮುರಿಯುತ್ತೇನೆ ಎಂದಳು. ಕಾಲು ಉಳಿಸಲು ಕಾಲು ಮುರಿಯುವ ಮಾತು ತಾಯಂದಿರ ಬಾಯಲ್ಲಿ ಮಾತ್ರ ಬರುತ್ತದೆ. ಸಂಪಂಗಿ ಊದಿದ ಕಾಲಿಗೆ ಅಳದವನು ಆ ಮಾತಿಗೆ ಗೊಳೋ ಎಂದು ಅತ್ತ.

ಯಲ್ಲಪ್ಪ ಬೀಡಿ ಆರಿಸಿ ಎದ್ದು ಬಂದ. ಮಗನ ಕಾಲನ್ನು ತಿರುಗಿಸಿ ನೋಡಿದ. ಅವನು ಜಗತ್ತಿನ ಯಾವ ವಸ್ತುವನ್ನು ನೋಡಿದರೂ ಪೈಪಿನ ಲೆಕ್ಕದಲ್ಲೇ ನೋಡುತ್ತಿದ್ದ.

“ನಾಲ್ಕಿಂಚು,” ಅಂದ.

ಅಷ್ಟೇ ನನ್ನ ಜಾತಕ ಬರೆದದ್ದು. ಹ್ಯಾಕ್ಸಾ ಬ್ಲೇಡಿನಿಂದ ನನ್ನನ್ನು ಗೇಣುದ್ದಕ್ಕೆ ಕೊಯ್ದು, ಆಮೇಲೆ ಉದ್ದಕ್ಕೆ ಎರಡು ಹೋಳು ಮಾಡಿದ. ಸ್ಟೌ ಮೇಲೆ ಅಂಚು ಕಾಯಿಸಿ, ಮಗನ ಕಾಲಿಗೆ ಒಪ್ಪುವಂತೆ ಬಾಗಿಸಿದ. ಒಳಗಡೆಗೆ ಹಳೆಯ ಹವಾಯಿ ಚಪ್ಪಲಿ ಕೊಯ್ದು ಅಂಟಿಸಿದ. ಕಟ್ಟಿಕೊಳ್ಳಲು ಪಟ್ಟಿ ಬೇಕಾಗಿತ್ತು. ಸುತ್ತ ನೋಡಿ, ಬೇರೆ ದಾರಿ ಕಾಣದೆ ತನ್ನದೇ ಚಡ್ಡಿಯ ಎಲಾಸ್ಟಿಕ್ ಕಿತ್ತ. ಮಗನ ಆಟಕ್ಕಾಗಿ ಅವನು ಮಾಡಿದ ಮೊದಲ ತ್ಯಾಗ ಅದು, ಒಂದಷ್ಟು ದಿನ ಸೊಂಟ ಹಿಡಿದುಕೊಂಡೇ ಓಡಾಡಿದ.

ಹೀಗೆ ನಾವು ಇಬ್ಬರಾದೆವು. ಎಡಗಾಲಿಗೆ ನಾನು, ಬಲಗಾಲಿಗೆ ನನ್ನ ತಮ್ಮ. ಅಚ್ಚಿನ ಅಕ್ಷರವೆಲ್ಲ ನನ್ನ ಹೋಳಿಗೇ ಬಂತು, ತಮ್ಮನ ಮೈ ಬರೀ ಬಿಳಿ. ಅವನು ನಿರಕ್ಷರಿ, ನಾನು ಸಾಕ್ಷರ. ಅದಕ್ಕೇ ಈ ಕಥೆಯನ್ನು ನಾನು ಹೇಳುತ್ತಿದ್ದೇನೆ.

ಅಪ್ಪನ ಕೈಕೆಲಸ ಕಟ್ಟಿಕೊಂಡು ಸಂಪಂಗಿ ಎರಡು ಹೆಜ್ಜೆ ಓಡಿ ನೋಡಿದ. ಯಲ್ಲಪ್ಪ ಸ್ಪಾನರಿನಿಂದ ನನ್ನ ಮೇಲೆ ಟಣ್ ಎಂದು ಬಾರಿಸಿದ. ಸಂಪಂಗಿಗೆ ನೋಯಲಿಲ್ಲ.

“ಆಡ್ಹೋಗ್ಲಾ. ಪೈಪ್ ಯಾವತ್ತೂ ಮುರಿಯಲ್ಲ. ಬಿಡೋದೆಲ್ಲಾ ಜಾಯಿಂಟೇ,” ಅಂದ.

ಪ್ಲಂಬರನ ಬಾಯಿಂದ ಬಂದ ಭವಿಷ್ಯ ಅದು ಎಂದು ಅಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಶಿನ್ ಪ್ಯಾಡ್ ಎಂಬ ನನ್ನ ಉದ್ಯೋಗದ ಬಗ್ಗೆ ಒಂದೆರಡು ಮಾತು ಹೇಳಬೇಕು. ನಮ್ಮ ವಾಸ ಸಾಕ್ಸಿನ ಒಳಗೆ. ಕತ್ತಲು, ಬೆವರು, ಒಂದು ಥರದ ವಾಸನೆ. ಆ ವಾಸನೆಯ ವರ್ಣನೆ ಬೇಡ, ನೀವು ಊಟ ಮಾಡುವವರು. ನಾನು ದೇಶದ ದೊಡ್ಡ ದೊಡ್ಡ ಮೈದಾನಗಳಿಗೆಲ್ಲ ಹೋಗಿದ್ದೇನೆ, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಕಿವಿಗೆ ಬಿದ್ದದ್ದು, ಮೈಗೆ ಬಿದ್ದದ್ದು, ಎರಡೇ ನನ್ನ ಲೋಕಜ್ಞಾನ. ಮುಖ ನೋಡಿ ಮಣೆ ಹಾಕುತ್ತೀರಿ ನೀವು. ನಾನು ಒದೆತ ನೋಡಿ ಮನುಷ್ಯನ ಅಳತೆ ಮಾಡುತ್ತೇನೆ. ಚೆಂಡಿಗೆ ಒದೆಯಲು ಬಂದು ನನಗೆ ತಗುಲಿಸಿದವನದು ಒಂದು ಥರ, ನನಗೇ ಒದೆಯಲು ಬಂದು ಚೆಂಡು ಎಲ್ಲಿ ಎಂದು ಹುಡುಕುವವನದು ಇನ್ನೊಂದು ಥರ. ಒದ್ದು “ಸಾರಿ ಮಗಾ” ಅನ್ನುವವರನ್ನು ಮಾತ್ರ ನಂಬಬಾರದು, ಅವರು ಮತ್ತೆ ಒದೆಯುತ್ತಾರೆ.

ಸಂಪಂಗಿಯದು ಸ್ಟಾಪರ್ ಬ್ಯಾಕ್ ಜಾಗ. ಎಂದರೆ ನಮ್ಮ ಗೋಲಿನ ಮುಂದೆ ಬಾಗಿಲಂತೆ ನಿಂತು ಎದುರಾಳಿಯನ್ನು ಒಳಗೆ ಬಿಡದಿರುವ ಕೆಲಸ. ಅಕ್ಕಯ್ಯಮ್ಮ ಒಮ್ಮೆ ಮಗನನ್ನು ಕೇಳಿದ್ದಳು, ಅಷ್ಟು ಹೊತ್ತು ಅಲ್ಲಿ ಏನು ಮಾಡುತ್ತೀಯೋ ಎಂದು. “ತಡಿಯೋದಮ್ಮಾ, ಬಾಲ್ ಒಳಗೆ ಹೋಗ್ದಂಗೆ ತಡಿಯೋದು” ಎಂದಿದ್ದ. ಅವಳಿಗೆ ಫುಟ್‌ಬಾಲ್ ಎಂದರೆ ಅಷ್ಟೇ ಆಯಿತು. ಯಾರು ಹೆಚ್ಚು ತಡೆಯುತ್ತಾರೋ ಅವರು ಗೆದ್ದಂತೆ ಎಂದು ತೀರ್ಮಾನಿಸಿಬಿಟ್ಟಳು. ಮೈದಾನಕ್ಕೆ ಬಂದು ನೋಡಿದ್ದರೆ ತಿಳಿಯುತ್ತಿತ್ತು, ಆದರೆ ಮಗನನ್ನು ಯಾರೋ ಒದೆಯುವುದನ್ನು ನೋಡಲು ಟಿಕೆಟ್ ಬೇರೆ ತಗೋಬೇಕಾ ಎನ್ನುವುದು ಅವಳ ವಾದ. ಮನೆಯಲ್ಲೇ ದೀಪ ಹಚ್ಚಿಟ್ಟು ಕೂರುತ್ತಿದ್ದಳು. ಸಂಪಂಗಿ ಬಂದು ಬೂಟು ಕಳಚುವಾಗ ಕೇಳುತ್ತಿದ್ದಳು:

“ಎಷ್ಟ್ ತಡ್ದೆ ಮಗಾ?”

ಓಣಿಯವರೆಲ್ಲ ಎಷ್ಟು ಗೋಲು, ಯಾರು ಹೊಡೆದರು ಎಂದು ಕೇಳುತ್ತಿದ್ದರು. ತಡೆದದ್ದರ ಲೆಕ್ಕ ಕೇಳುತ್ತಿದ್ದವಳು ಅವಳೊಬ್ಬಳೇ. ಆಯುಧಪೂಜೆಯ ದಿನ ನನ್ನನ್ನೂ ತಮ್ಮನನ್ನೂ ಯಲ್ಲಪ್ಪನ ರೆಂಚು ಸ್ಪಾನರ್‌ಗಳ ಸಾಲಿನಲ್ಲಿ ಕೂರಿಸಿ ವಿಭೂತಿ ಕುಂಕುಮ ಇಡುತ್ತಿದ್ದಳು. ವರ್ಷಕ್ಕೊಮ್ಮೆ ನೆಂಟರನ್ನು ನೋಡಿದಂತಾಗಿ ನನಗೂ ಹಿತವಾಗುತ್ತಿತ್ತು.

ಸಂಪಂಗಿ ಚೆನ್ನಾಗಿ ಬೆಳೆದ. ಓಣಿಯ ತಂಡ ಊರಿನ ಲೀಗಿನ ಫೈನಲ್ ತನಕ ಬಂತು. ಆ ಪಂದ್ಯ ನೋಡಲು ಒಂದು ದೊಡ್ಡ ಕಾರ್ಖಾನೆಯ ತಂಡದ ಕೋಚ್ ಪೊನ್ನಪ್ಪನವರು ಬರುತ್ತಾರೆಂದು ಸುದ್ದಿಯಾಯಿತು. ಅವರ ಕಣ್ಣಿಗೆ ಬಿದ್ದರೆ ಕೆಲಸ, ಸಂಬಳ, ಆಟ ಮೂರೂ ಒಟ್ಟಿಗೆ ಸಿಕ್ಕಿದಂತೆ.

ಅಕ್ಕಯ್ಯಮ್ಮ ಸುಮ್ಮನಿರುತ್ತಾಳೆಯೇ. ಬೀದಿ ಕೊನೆಯ ಮುನೇಶ್ವರನ ಗುಡಿಗೆ ಹೋದಳು. ಹೊಸ ಆಟೋ, ಹೊಸ ಲಾರಿ ಕೊಂಡವರೆಲ್ಲ ಚಕ್ರದಡಿ ನಿಂಬೆಹಣ್ಣು ಇಡಿಸಲು ಬರುವ ಗುಡಿ ಅದು. ಪೂಜಾರಿಯಿಂದ ಒಂದು ಹಣ್ಣು ಮಂತ್ರಿಸಿಕೊಂಡು ತಂದಳು. ಅದನ್ನು ತಂಡದ ಗೋಲ್‌ಕೀಪರ್, ಸಂಪಂಗಿಯ ಜೀವದ ಗೆಳೆಯ ಆರೋಗ್ಯದಾಸನ ಕೈಗಿಟ್ಟು, “ನಮ್ ಗೋಲಿನ್ ಕಂಬದ್ ಬುಡದಾಗೆ ಹೂಳ್ಬಿಡಪ್ಪಾ. ಒಂದೂ ಒಳಗ್ ಬರಲ್ಲ” ಎಂದಳು. ಆರೋಗ್ಯನ ಕೊರಳಲ್ಲಿ ಚರ್ಚಿನ ಆರೋಗ್ಯ ಮಾತೆಯ ಪದಕ ಇತ್ತು. ಆದರೂ ಅವನು ತಕರಾರು ಮಾಡಲಿಲ್ಲ. “ಕಾಯೋರು ಎಷ್ಟ್ ಜನ ಇದ್ರೂ ಒಳ್ಳೇದೇ ಅಮ್ಮಾ” ಎಂದು, ಬೆಳಿಗ್ಗೆಯೇ ಹೋಗಿ ಬೂಟಿನ ಹಿಮ್ಮಡಿಯಿಂದ ಗುಂಡಿ ತೋಡಿ ಹೂತು ಬಂದ.

ಆ ಹಣ್ಣಿನ ಶಕ್ತಿಯನ್ನು ಏನೆಂದು ಹೇಳಲಿ! ಮೊದಲರ್ಧದಲ್ಲಿ ಎದುರಾಳಿಗಳು ಹೊಡೆದ ಹೊಡೆತಗಳು ಒಂದೇ ಎರಡೇ. ಒಂದು ಕಂಬಕ್ಕೆ ಬಡಿಯಿತು, ಒಂದು ಆರೋಗ್ಯನ ಮೂಗಿಗೆ ಬಡಿಯಿತು, ಒಂದು ಗೆರೆಯ ಮೇಲೆ ನಿಂತು ಯೋಚನೆ ಮಾಡಿ ಹಿಂದಕ್ಕೆ ಬಂತು. ವಿರಾಮದಲ್ಲಿ ಆರೋಗ್ಯ ಮೂಗಿಗೆ ಐಸ್ ಇಟ್ಟುಕೊಂಡು ಮುನೇಶ್ವರನನ್ನು ಹೊಗಳಿದ್ದೇ ಹೊಗಳಿದ್ದು.

ಆಮೇಲೆ ರೆಫರಿ ಸೀಟಿ ಊದಿದ. ತಂಡಗಳು ಮೈದಾನದ ದಿಕ್ಕು ಬದಲಿಸಿದವು.

ಆರೋಗ್ಯ ಈ ಕಡೆಯ ಗೋಲಿಗೆ ಬಂದು ಕೈಗವಸು ಹಾಕಿಕೊಂಡವನು, ಒಮ್ಮೆಲೇ “ಲೋ ಸಂಪಂಗೀ!” ಎಂದು ಕಿರುಚಿದ. “ಹಣ್ಣು ಆ ಕಡೆ ಉಳಿದ್ಹೋಯ್ತಲ್ಲೋ!”

ಅರ್ಧ ಆಟಕ್ಕೆ ದಿಕ್ಕು ಬದಲಾಗುತ್ತದೆ ಎಂದು ಅಕ್ಕಯ್ಯಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಆರೋಗ್ಯನಿಗೆ ನೆನಪಾಗಿರಲಿಲ್ಲ. ಆಟದ ನಡುವೆ ಹೋಗಿ ಎದುರಾಳಿಯ ಗೋಲು ಅಗೆಯಲು ಬರುತ್ತದೆಯೇ? ಮುನೇಶ್ವರ ಮಾತ್ರ ಕೊಟ್ಟ ಮಾತಿನಂತೆ ಅದೇ ಕಂಬವನ್ನು ಕಾದ. ನಮ್ಮವರು ಹೊಡೆದದ್ದೆಲ್ಲ ಈಗ ಕಂಬಕ್ಕೆ ಬಡಿಯತೊಡಗಿತು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇದ್ದಾಗ ಎದುರಾಳಿಯೊಬ್ಬ ದೂರದಿಂದ ಹೊಡೆದ. ಹೊರಗೆ ಹೋಗುತ್ತಿದ್ದ ಚೆಂಡು ಅದು, ಬಿಟ್ಟಿದ್ದರೆ ಪ್ರೇಕ್ಷಕರ ಕಡಲೆಕಾಯಿ ಪೊಟ್ಟಣದ ಮೇಲೆ ಬೀಳುತ್ತಿತ್ತು. ಆದರೆ ಹಣ್ಣಿಲ್ಲದ ಗೋಲಿನ ಭಯ ಸಂಪಂಗಿಯ ತಲೆಯಲ್ಲಿ ಹೊಕ್ಕಿತ್ತು. ಓಡಿಬಂದು ಎಡಗಾಲು ಚಾಚಿದ. ಚೆಂಡು ಬಂದು ನನಗೆ ಬಡಿಯಿತು. ಟಣ್ ಎಂಬ ಆ ಶಬ್ದ ನನಗೆ ಈಗಲೂ ನೆನಪಿದೆ. ಬಡಿದು, ತಿರುಗಿ, ಆರೋಗ್ಯನ ಕಾಲ ಸಂದಿಯಿಂದ ನಮ್ಮದೇ ಗೋಲಿನೊಳಗೆ ಹೋಗಿ ಮಲಗಿತು.

ಆಮೇಲೆ ಇಡೀ ಮೈದಾನ ಒಂದೇ ದನಿಯಲ್ಲಿ, “ಸೇಮ್ ಸೈಡ್!”

ನಮ್ಮ ಗೋಲಿಗೆ ನಾವೇ ಹೊಡೆದುಕೊಂಡರೆ ನಮ್ಮೂರಲ್ಲಿ ಹಾಗೆನ್ನುತ್ತಾರೆ. ಅದರಿಂದಲೇ ಸೋತೆವು. ಕಾಲು ಚಾಚಿದವನು ಸಂಪಂಗಿ, ತಿರುಗಿಸಿದವನು ನಾನು, ಹಣ್ಣು ಹೂತವನು ಆರೋಗ್ಯ. ಹೆಸರು ಬಂದದ್ದು ಮಾತ್ರ ಸಂಪಂಗಿಗೆ. ಸಂಜೆ ಓಣಿಗೆ ಕಾಲಿಡುವ ಹೊತ್ತಿಗೆ ಅವನು ಸೇಮ್‌ಸೈಡ್ ಸಂಪಂಗಿ ಆಗಿದ್ದ.

“ಎಷ್ಟ್ ತಡ್ದೆ ಮಗಾ?” ಎಂದು ಕೇಳಿದಳು ಅಕ್ಕಯ್ಯಮ್ಮ.

“ಎಲ್ಲಾ ತಡ್ದೆ ಕಣಮ್ಮಾ. ಒಂದ್ ಬಿಟ್ಟು.”

“ಒಂದ್ ತಾನೆ, ಹೋಗ್ಲಿ ಬಿಡು. ಅದ್ಯಾವ್ ಮುಂಡೇಮಗ ಹೊಡ್ದಿದ್ದು ಆ ಒಂದ್ನ?”

ಸಂಪಂಗಿ ನನ್ನನ್ನು ಕಳಚಿ ಮೂಲೆಗೆ ಎಸೆದ. ನನಗೆ ಬೇಸರವಾಗಲಿಲ್ಲ, ಅವನು ಎಸೆಯಲು ಮನೆಯಲ್ಲಿ ಇನ್ನೇನೂ ಕೈಗೆ ಸಿಗುವಂತಿರಲಿಲ್ಲ.

ಆಶ್ಚರ್ಯವೆಂದರೆ ಪೊನ್ನಪ್ಪನವರು ಅವನನ್ನೇ ಆರಿಸಿದರು. ಕೊಡಗಿನವರು, ಮಿಲಿಟರಿಯಲ್ಲಿದ್ದವರು, ಮಾತು ಕಮ್ಮಿ. ಯಾಕೆ ಸಾರ್ ಎಂದು ಯಾರೋ ಕೇಳಿದಾಗ, “ಆ ಬಾಲ್ ಹಿಂದೆ ಓಡಿದ್ದು ಅವನೊಬ್ಬನೇ. ಉಳಿದವರೆಲ್ಲ ನಿಂತು ನೋಡ್ತಿದ್ರು” ಎಂದರಂತೆ. ಆಟಗಾರರ ಕೋಟಾದಲ್ಲಿ ಕಾರ್ಖಾನೆಯ ಕೆಲಸ ಸಿಕ್ಕಿತು. ಅಕ್ಕಯ್ಯಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಸಕ್ಕರೆ ಬಾಯಿಗೆ ಹಾಕಿಕೊಂಡವರೆಲ್ಲ, “ನಮ್ ಸೇಮ್‌ಸೈಡ್‌ಗೆ ಕೆಲ್ಸ ಸಿಕ್ತಂತೆ” ಎಂದು ಸಂತೋಷಪಟ್ಟರು.

ಹೆಸರು ಅಂದರೆ ಹಾಗೆ. ಬಿದ್ದದ್ದು ಗೋಲಿನ ಒಳಗೆ ಒಂದೇ ಸಲ, ಅಂಟಿದ್ದು ಆಯುಷ್ಯಕ್ಕೆ. ಅವನು ತಡೆದ ಸಾವಿರ ಚೆಂಡು ಯಾರ ನೆನಪಿನಲ್ಲೂ ಇಲ್ಲ, ತಡೆಯದ ಒಂದು ಎಲ್ಲರಿಗೂ ಬಾಯಿಪಾಠ. ಅವನ ಮದುವೆಯಲ್ಲಿ ಹೆಣ್ಣಿನ ಸೋದರಮಾವ, “ಪಕ್ಕದಲ್ಲೇ ನಿಂತಿರ್ರಪ್ಪಾ, ತಾಳಿ ತಗೊಂಡು ನಮ್ ಕಡೆ ಬರ್ತಾನೋ ಅವ್ರ ಕಡೆನೇ ಹೋಗ್ತಾನೋ” ಎಂದು ಛತ್ರವನ್ನೆಲ್ಲ ನಗಿಸಿದನಂತೆ. ನಾನು ಮದುವೆಗೆ ಹೋಗಿರಲಿಲ್ಲ. ಸಂಪಂಗಿ ಅಂದು ಸಾಕ್ಸ್ ಹಾಕಿದ್ದ, ಆದರೆ ಅದು ಬೇರೆ ಸಾಕ್ಸು.

ಅವನೂ ಎಲ್ಲರೊಂದಿಗೆ ನಗುತ್ತಿದ್ದ. ಆದರೆ ಯಾರಾದರೂ ಆ ಹೆಸರು ಕೂಗಿದಾಗ ಅವನ ಎಡಗಾಲಿನ ನರವೊಂದು ಬಿಗಿಯುತ್ತಿತ್ತು. ಅದು ನನಗೆ ಮಾತ್ರ ಗೊತ್ತು. ಅವನಿಗೆ ಇದ್ದದ್ದು ಒಂದೇ ಆಸೆ, ಮೈದಾನ ಬಿಡುವುದರೊಳಗೆ ಈ ಹೆಸರು ಬಿಟ್ಟುಹೋಗಬೇಕು.

ಅದಕ್ಕೆ ಅವನು ಕಂಡುಕೊಂಡ ದಾರಿ, ಸರಿಯಾದ ಕಡೆಗೆ ಒಂದು ಗೋಲು ಹೊಡೆಯುವುದು. ಕಾರ್ನರ್ ಸಿಕ್ಕಿದಾಗಲೆಲ್ಲ ತನ್ನ ಜಾಗ ಬಿಟ್ಟು ಎದುರಾಳಿ ಗೋಲಿನ ಮುಂದೆ ಹೋಗಿ ನಿಲ್ಲುತ್ತಿದ್ದ. ತಲೆಯಿಂದ ಹೊಡೆದರೆ ಆಕಾಶಕ್ಕೆ, ಕಾಲಿಂದ ಹೊಡೆದರೆ ಅಂಗಡಿಗೆ. ಒಮ್ಮೆ ನಿಜವಾಗಿಯೂ ಒಳಗೆ ಹೋಯಿತು. ಅವನು ಅಂಗಿ ಬಿಚ್ಚಿ ಮೈದಾನವೆಲ್ಲ ಸುತ್ತಿ ಬಂದಾಗ ಲೈನ್ಸ್‌ಮನ್ ಇನ್ನೂ ಬಾವುಟ ಎತ್ತಿಕೊಂಡೇ ನಿಂತಿದ್ದ. ಆಫ್‌ಸೈಡ್. ಗೋಲೂ ಹೋಯಿತು, ಅಂಗಿ ಬಿಚ್ಚಿದ್ದಕ್ಕೆ ಹಳದಿ ಕಾರ್ಡೂ ಬಂತು.

ಹೊಡೆಯುವುದರಲ್ಲಿ ಹೀಗಾದರೂ ತಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗೋವಾದ ಒಂದು ದೊಡ್ಡ ಕ್ಲಬ್ಬು ಅವನನ್ನು ಕರೆಸಿಕೊಂಡಿತು. ಕಾರ್ಖಾನೆಯಿಂದ ರಜೆ ಬರೆದು ಹೋದ. ಇನ್ನು ಅವನು ಪೂರ್ತಿ ವೃತ್ತಿಪರ ಆಟಗಾರ. ಅಲ್ಲಿ ವಿಮಾನ, ಹೋಟೆಲು, ಬೆಳಿಗ್ಗೆ ಉಪ್ಪಿಲ್ಲದ ಮೊಟ್ಟೆ. ಕೋಚ್ ವಿದೇಶದವರು. ಮೊದಲ ದಿನವೇ ನನ್ನನ್ನೂ ತಮ್ಮನನ್ನೂ ಎತ್ತಿ ಹಿಡಿದು, ಬೆರಳಿಂದ ತಟ್ಟಿ, ಬಿದ್ದು ಬಿದ್ದು ನಕ್ಕರು. ಸಂಪಂಗಿಗೆ ಫಳಫಳ ಹೊಳೆಯುವ ಹೊಸ ಪ್ಯಾಡುಗಳು ಬಂದವು. ಹಗುರ ಎಂದರೆ ಹಪ್ಪಳದ ಹಾಗೆ.

ನಮ್ಮ ಕೈ ಬದಲಾಯಿತು. ಕಿಟ್ ನೋಡಿಕೊಳ್ಳುವವನು ತಮ್ಮನನ್ನು ಬಾಗಿಲಿಗೆ ಅಡ್ಡ ಕೊಟ್ಟ. ನನ್ನನ್ನು ಬೂಟಿನ ಕೆಸರು ಕೆರೆಯಲು ಇಟ್ಟುಕೊಂಡ. ವಿಭೂತಿ ಇಡಿಸಿಕೊಂಡ ಮೈ ಇದು, ಯಾರು ಯಾರದೋ ಬೂಟಿನ ಅಡಿ ಕೆರೆಯಬೇಕಾಯಿತು. ಆ ಕಾಲದಲ್ಲೇ ಊರಲ್ಲಿ ಯಲ್ಲಪ್ಪ ತೀರಿಕೊಂಡ. ಸಂಪಂಗಿ ಊರಿಗೆ ಹೋಗಿ ಬಂದವನು ನೇರ ಕಿಟ್ ಕೋಣೆಗೆ ಬಂದು, ನನ್ನನ್ನು ಎತ್ತಿಕೊಂಡು, ಅಂಟಿದ್ದ ಕೆಸರನ್ನು ತನ್ನ ಅಂಗಿಯಿಂದ ಒರೆಸಿದ. ಒಳಗಿನ ಹವಾಯಿ ಚಪ್ಪಲಿಯ ರಬ್ಬರನ್ನು ಮುಟ್ಟಿ ಮುಟ್ಟಿ ನೋಡಿದ. ಅಳಲಿಲ್ಲ. ಆಮೇಲೆ ಹೋಗಿ ಬಾಗಿಲ ಬಳಿಯಿಂದ ತಮ್ಮನನ್ನೂ ತಂದ, ಬಾಗಿಲು ದಡಾರನೆ ಮುಚ್ಚಿಕೊಂಡಿತು. ನನಗೆ ಆ ದಿನ ಬಹಳ ದುಃಖವಾಯಿತು. ನನ್ನನ್ನು ಮಾಡಿದ ಕೈ ಅದು.

ಮುಂದಿನ ಪಂದ್ಯಕ್ಕೆ ಅವನು ನಮ್ಮನ್ನೇ ಕಟ್ಟಿದ. ಪಂದ್ಯಕ್ಕೆ ಮುಂಚೆ ರೆಫರಿ ಎಲ್ಲರ ಪ್ಯಾಡು ತಟ್ಟಿ ಪರೀಕ್ಷೆ ಮಾಡುವುದುಂಟು. ನನ್ನನ್ನು ತಟ್ಟಿದವರು ಅನುಮಾನದಿಂದ ಹೊರಗೆಳೆದು, ಬೆನ್ನ ಮೇಲಿನ ಕನ್ನಡ ಅಕ್ಷರ ನೋಡಿ, ಇದು ಏನೆಂದು ಕೇಳಿದರು. ಸಂಪಂಗಿ ಗಂಭೀರವಾಗಿ, ಅದು ನಮ್ಮ ಕಡೆಯ ದೊಡ್ಡ ಕಂಪನಿ, ವಿಶೇಷವಾಗಿ ಮಾಡಿಸಿದ್ದು ಎಂದ. ಅವರು ತಲೆಯಾಡಿಸಿ ವಾಪಸು ಕೊಟ್ಟರು. ಕುಡಿಯುವ ನೀರಿಗೆ ಮಾತ್ರ ಎಂಬ ಆ ದೊಡ್ಡ ಕಂಪನಿಯ ಹೆಸರಿನಲ್ಲಿ ನಾವು ಎಷ್ಟೋ ಊರುಗಳಲ್ಲಿ ಆಡಿದೆವು.

ಕೊನೆಗೆ ಯಲ್ಲಪ್ಪನ ಭವಿಷ್ಯ ನಿಜವಾಯಿತು. ಪೈಪು ಮುರಿಯಲಿಲ್ಲ, ಜಾಯಿಂಟು ಬಿಟ್ಟಿತು. ಸಂಪಂಗಿಯ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗೋವಾದವರು ಹೂಗುಚ್ಛ ಕೊಟ್ಟು ಕಳಿಸಿದರು. ಕಾರ್ಖಾನೆಗೆ ವಾಪಸು ಬಂದ. ಪೊನ್ನಪ್ಪನವರ ತಲೆ ಪೂರ್ತಿ ನರೆತಿತ್ತು. ಆರೋಗ್ಯ ಈಗ ಕಾರ್ಖಾನೆ ತಂಡದ ಗೋಲ್‌ಕೀಪರ್, ಹೊಟ್ಟೆ ಬೆಳೆದಿತ್ತು. ಗೋಲು ಅಷ್ಟರ ಮಟ್ಟಿಗೆ ಕಿರಿದಾಯಿತು ಎಂದು ಅವನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಒಂದು ಲೀಗು ಆಡಿ ನಿಲ್ಲಿಸುತ್ತೇನೆ ಎಂದ ಸಂಪಂಗಿ. ಆ ಲೀಗಿನಲ್ಲಿ ತಂಡ ಫೈನಲ್‌ಗೆ ಬಂತು. ಮೈದಾನ ಅದೇ ಹಳೆಯದು.

ಫೈನಲ್‌ಗೆ ಮುಂಚಿನ ದಿನ ಆರೋಗ್ಯ ಮನೆಗೆ ಬಂದು ಕಾಫಿ ಕುಡಿಯುತ್ತಾ, ಹಳೆಯ ಕಥೆಯನ್ನೆಲ್ಲ ಅಕ್ಕಯ್ಯಮ್ಮನಿಗೆ ಬಾಯಿಬಿಟ್ಟ. ಅವಳು ಕೂತಲ್ಲಿಂದ ಎದ್ದೇಬಿಟ್ಟಳು.

“ಅರ್ಧ ಆಟಕ್ಕೆ ಮನೆ ಬದಲಾಯ್ಸ್ತೀರಾ? ಬಾಡಿಗೆಯವ್ರಾ ನೀವು? ಮೊದ್ಲೇ ಬೊಗಳ್ಬಾರ್ದಿತ್ತೇನೋ ಆರೋಗ್ಯಾ!”

“ಮರ್ತ್ಹೋಯ್ತಮ್ಮಾ.”

“ನಿಮ್ಮನ್ನ ನಂಬಿದ್ರೆ ಆಗಲ್ಲ. ನಾಳೆ ನಾನೇ ಬರ್ತೀನಿ.”

ಬಂದೇ ಬಂದಳು. ಜೀವಮಾನದಲ್ಲಿ ಮೊದಲ ಸಲ ಮೈದಾನಕ್ಕೆ, ಸೆರಗಿನ ಗಂಟಿನಲ್ಲಿ ನಿಂಬೆಹಣ್ಣು. ಹೂತರೆ ಅಗೆಯಬೇಕಾಗುತ್ತದೆಂದು ಈ ಸಲ ಹೂಳಲಿಲ್ಲ. ನಮ್ಮ ಗೋಲಿನ ಬಲೆಯ ಹಿಂದೆ ನೆಲದ ಮೇಲಿಟ್ಟು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಕಾವಲಿನವನೊಬ್ಬ ಬಂದು, “ಅಜ್ಜೀ, ಇಲ್ಲಿ ಕೂರಂಗಿಲ್ಲ” ಅಂದ.

“ನಾನೇನ್ ನಿಮ್ ಆಟ ಆಡ್ತೀನೇನಪ್ಪಾ? ಹಣ್ಣು ಕಾಯ್ತಿದೀನಿ. ನಿನ್ ಪಾಡಿಗ್ ನೀನ್ ಹೋಗು.”

ಅವನು ಹೋದ. ಆ ದನಿಗೆ ಮುನೇಶ್ವರನೇ ಹೋಗುತ್ತಿದ್ದ, ಇವನು ಯಾವ ಲೆಕ್ಕ.

ಮೊದಲರ್ಧದಲ್ಲಿ ನಮ್ಮ ತಂಡ ಒಂದು ಗೋಲು ಹೊಡೆಯಿತು, ಎದುರಾಳಿ ಹೊಡೆಯಲಿಲ್ಲ. ವಿರಾಮವಾಯಿತು. ಆಟಗಾರರೆಲ್ಲ ನೀರು ಕುಡಿಯಲು ಹೋದರು. ಆಗ ಜನರಲ್ಲಿ ಸಣ್ಣಗೆ ನಗು ಎದ್ದಿತು. ಅಕ್ಕಯ್ಯಮ್ಮ ನಿಂಬೆಹಣ್ಣನ್ನು ಎರಡೂ ಅಂಗೈಯಲ್ಲಿ ಆರತಿಯ ಹಾಗೆ ಹಿಡಿದುಕೊಂಡು, ಮೈದಾನದ ಅಂಚಿನಲ್ಲೇ ಆ ಗೋಲಿನಿಂದ ಈ ಗೋಲಿಗೆ ನಡೆದುಕೊಂಡು ಹೋಗುತ್ತಿದ್ದಳಂತೆ. ಗೆರೆ ಮಾತ್ರ ತುಳಿಯಲಿಲ್ಲ, ರಂಗೋಲಿ ಇರಬೇಕು ಎಂದುಕೊಂಡಿದ್ದಳು. “ಸೇಮ್‌ಸೈಡ್ ಸಂಪಂಗಿ ಅವ್ರಮ್ಮ ಕಣ್ರೋ” ಎಂದು ಯಾರೋ ಕೂಗಿದರು. ಸಂಪಂಗಿಯ ಎಡಗಾಲಿನ ನರ ಬಿಗಿಯಿತು.

ಎರಡನೇ ಅರ್ಧದಲ್ಲಿ ಎದುರಾಳಿಯ ಬೂಟಿನ ಮೊಳೆ ತಗುಲಿ ಸಂಪಂಗಿಯ ಎಡ ಸಾಕ್ಸು ಪರ್ರನೆ ಹರಿಯಿತು. ನನಗೆ ಕಿಟಕಿ ತೆರೆದಂತಾಯಿತು. ಇಷ್ಟು ವರ್ಷದ ಉದ್ಯೋಗದಲ್ಲಿ ಮೊದಲ ಬಾರಿಗೆ ಆಟ ನೋಡಿದೆ. ಹುಲ್ಲು ಹಸಿರಾಗಿರುತ್ತದೆ ಎಂದು ತಿಳಿಯಿತು. ಚೆಂಡು ನಾನಂದುಕೊಂಡದ್ದಕ್ಕಿಂತ ಸಣ್ಣದು, ಅದಕ್ಕಾಗಿ ಇಷ್ಟೊಂದು ಜನ ಇಷ್ಟೊಂದು ಒದ್ದಾಡುವುದೇ ಎಂದು ಸೋಜಿಗವೂ ಆಯಿತು.

ಕೊನೆಯ ಗಳಿಗೆಗಳು. ಎದುರಾಳಿಯ ಮುಂದಾಳು ಆರೋಗ್ಯನನ್ನು ಕೆಡವಿ, ಅವನ ಹೊಟ್ಟೆಯ ಮೇಲಿಂದ ಚೆಂಡು ಹಾರಿಸಿದ. ಗೋಲು ಖಾಲಿ. ಚೆಂಡು ಮೆಲ್ಲಗೆ, ಅವಸರವಿಲ್ಲದೆ, ಗೆರೆಯ ಕಡೆಗೆ ಉರುಳುತ್ತಿತ್ತು. ಸಂಪಂಗಿ ತಿರುಗಿ ಓಡಿದ. ಅವನ ಓಟ ನಮ್ಮದೇ ಗೋಲಿನ ಕಡೆಗೆ, ಅದೇ ಎಡಗಾಲು, ಅದೇ ಮೈದಾನ. ಜನರಿಗೆ ಇನ್ನೇನು ಬೇಕು? ಗ್ಯಾಲರಿಯಿಂದ ಮುಂಚಿತವಾಗಿಯೇ ಕೂಗು ಎದ್ದಿತು, “ಸೇಮ್ ಸೈ...”

ಬಿಟ್ಟ ಜಾಯಿಂಟಿನ ಕಾಲನ್ನು ಚಾಚಿ ಅವನು ಜಾರಿದ. ಗೆರೆಯ ಮೇಲೆ ಚೆಂಡು ಬಂದು ನನಗೆ ಬಡಿಯಿತು. ಹಳೆಯದೇ ಜಾಗ. ಈ ಸಲ ಟಣ್ ಎನ್ನಲಿಲ್ಲ, ಚಟ್ ಎಂದಿತು. ನನ್ನ ಮೈ ನಡುವೆ ಸೀಳು ಬಿಟ್ಟಿತು. ಚೆಂಡು ತಿರುಗಿತು. ಯಾವ ಕಡೆಗೆ ಎಂದು ನಾನೂ ಉಸಿರು ಹಿಡಿದು ನೋಡಿದೆ. ಕಂಬವನ್ನು ಸವರಿಕೊಂಡು ಹೊರಗೆ ಹೋಯಿತು.

ಅರ್ಧ ಕೂಗು ಜನರ ಬಾಯಲ್ಲೇ ನಿಂತುಹೋಯಿತು. ಆಗ ಬಲೆಯ ಹಿಂದಿನಿಂದ ಒಂದೇ ಒಂದು ದನಿ ಎದ್ದಿತು. ಅಕ್ಕಯ್ಯಮ್ಮ ಎದ್ದು ನಿಂತು, ನಿಂಬೆಹಣ್ಣು ಹಿಡಿದ ಕೈಯನ್ನು ಆಕಾಶಕ್ಕೆತ್ತಿ ಕೂಗುತ್ತಿದ್ದಳು:

“ಗೋಲ್! ನನ್ ಮಗ ಹೊಡ್ದ! ಗೋ...ಲ್!”

ಜನ ನಕ್ಕರು. ಎಷ್ಟು ನಕ್ಕರೆಂದರೆ ರೆಫರಿಯ ಬಾಯಿಂದ ಸೀಟಿ ಬಿತ್ತು. ಆದರೆ ನಗು ಇಳಿಯುತ್ತಿದ್ದಂತೆ ಗ್ಯಾಲರಿಯ ಮೂಲೆಯಲ್ಲಿ ಯಾರೋ ಒಬ್ಬರು ಅವಳ ಹಾಗೆಯೇ “ಗೋಲ್” ಎಂದರು. ಪಕ್ಕದವರು ಎಂದರು. ಆಮೇಲೆ ಇಡೀ ಮೈದಾನ ಎದ್ದು ನಿಂತು ಕೂಗಿತು. ಸಂಪಂಗಿ ಗೆರೆಯ ಮೇಲೆ ಬಿದ್ದಲ್ಲೇ ಬಿದ್ದಿದ್ದ. ಅವನ ಕಾಲಿನ ನರ ಸಡಿಲವಾಗುವುದು ನನ್ನ ಸೀಳಿದ ಮೈಗೂ ತಿಳಿಯಿತು. ಆಟದ ನಡುವೆ ಅವನ ಮುಖ ನೋಡಿದೆ, ಅದೂ ಮೊದಲ ಸಲವೇ. ಮುಖದ ತುಂಬ ಮಣ್ಣು, ಮಣ್ಣಿನ ನಡುವೆ ಕಣ್ಣೀರಿನ ಎರಡು ಗೆರೆ.

ಗೆದ್ದೆವು. ಕಪ್ ಎತ್ತಿಕೊಂಡು ಬಂದಾಗ ಆರೋಗ್ಯ ಅಕ್ಕಯ್ಯಮ್ಮನಿಗೆ ಆಟ ಕಲಿಸಲು ಹೊರಟ.

“ಅಮ್ಮಾ, ಒಳಗ್ ಹೋದ್ರೆ ಗೋಲು. ತಡೆದ್ರೆ ಅಲ್ಲ.”

“ಹೋಗೋ ನೀನು. ಅಷ್ಟಗಲ ಬಾಗ್ಲು ತೆರ್ಕೊಂಡ್ ನಿಂತಿದ್ರೆ ಒಳಗ್ ಹೋಗಕ್ಕೇನ್ ಕಷ್ಟ? ದನಾನೂ ಹೋಯ್ತದೆ. ಹೋಗ್ದಂಗ್ ಮಾಡೋದ್ ತಾನೇ ಕಷ್ಟ?”

ಪಕ್ಕದಲ್ಲಿದ್ದ ಪೊನ್ನಪ್ಪನವರು, ಮಾತು ಕಮ್ಮಿಯವರು, ಟೋಪಿ ತೆಗೆದು ಅವಳಿಗೆ ಸೆಲ್ಯೂಟ್ ಹೊಡೆದರು. ಅವಳು ಗಾಬರಿಯಾಗಿ ಸೆರಗು ಹೊದ್ದುಕೊಂಡಳು.

ಓಣಿಯಲ್ಲಿ ಹಳೆಯ ಹೆಸರು ಅಳಿಯಿತೇ ಎಂದು ಕೇಳಬೇಡಿ. ಮುದುಕರು ಈಗಲೂ ಸೇಮ್‌ಸೈಡ್ ಎಂದೇ ಕರೆಯುತ್ತಾರೆ, ಅವರ ಬಾಯಿಗೆ ಬೀಗ ಹಾಕಲು ಯಾವ ಡಿಫೆಂಡರ್‌ಗೂ ಆಗುವುದಿಲ್ಲ. ಆದರೆ ಉಳಿದವರಿಗೆ ಹೊಸ ಚಾಳಿ ಬಂದಿದೆ. ಸಂಪಂಗಿ ಕೈಯೆತ್ತಿ ಬಸ್ಸು ನಿಲ್ಲಿಸಿದರೆ “ಗೋಲ್!”, ಉರುಳಿಹೋಗುತ್ತಿದ್ದ ಗ್ಯಾಸ್ ಸಿಲಿಂಡರನ್ನು ಕಾಲಿನಿಂದ ತಡೆದರೆ “ಗೋಲ್!”, ಹೆಂಡತಿಯ ಬೈಗುಳವನ್ನು ಮೌನದಿಂದ ತಡೆದುಕೊಂಡರೂ ಪಕ್ಕದ ಮನೆಯಿಂದ “ಗೋಲ್!” ಅವನು ತಲೆ ಬಗ್ಗಿಸಿ ನಗುತ್ತಾನೆ.

ಮಂತ್ರಿಸಿದ ಹಣ್ಣನ್ನು ಪಾನಕ ಮಾಡಿ ಕುಡಿಯುವಂತಿಲ್ಲ ನೋಡಿ. ಅಕ್ಕಯ್ಯಮ್ಮ ಅದನ್ನು ತಂದು ಹಿತ್ತಲಿನ ಮೂಲೆಯಲ್ಲಿ ಮಣ್ಣು ಮಾಡಿದಳು. ಕೆಲವು ಕಾಲದ ಮೇಲೆ ಅಲ್ಲೊಂದು ಗಿಡ ಎದ್ದಿತು. ಗಿಡ ದೂರ, ಪಾತ್ರೆ ತೊಳೆಯುವ ಕಲ್ಲು ಇತ್ತ. ನೀರು ಹಾಯಿಸಲು ಏನಾದರೂ ಬೇಕಾಗಿ ಅವಳು ಮನೆಯೆಲ್ಲ ಹುಡುಕಿ, ಕೊನೆಗೆ ನಮ್ಮಿಬ್ಬರನ್ನೂ ತಂದು ತುದಿಗೆ ತುದಿ ಜೋಡಿಸಿ ಕಲ್ಲಿನ ಬುಡಕ್ಕಿಟ್ಟಳು. ಎಡಗಾಲು ಬಲಗಾಲು ಎಂದು ಜೀವಮಾನವೆಲ್ಲ ಬೇರೆ ಬೇರೆ ಇದ್ದ ಅಣ್ಣತಮ್ಮಂದಿರು ಮುಪ್ಪಿನಲ್ಲಿ ಒಂದಾಗಿ ಮಲಗಿದೆವು.

ಈಗ ಬೆಳಿಗ್ಗೆ ಸಂಜೆ ನನ್ನ ಮೇಲೆ ನೀರು ಹರಿಯುತ್ತದೆ. ನೀಲಿ ಅಕ್ಷರ ಮಾಸಿದೆ, ಆದರೂ ಓದಬಹುದು. ಪಾತ್ರೆ ತೊಳೆದ ನೀರು ಕುಡಿಯುವ ನೀರಲ್ಲ ಎಂದು ನೀವು ತಕರಾರು ತೆಗೆಯಬಹುದು. ಗಿಡ ಕುಡಿಯುತ್ತದಲ್ಲ, ನನಗಷ್ಟು ಸಾಕು. ತಡೆಯುವುದರಲ್ಲಿ ಆಯುಷ್ಯ ಕಳೆದವನಿಗೆ ಹರಿಯಬಿಡುವುದು ಅಭ್ಯಾಸವಾಗಲು ಸ್ವಲ್ಪ ಕಾಲ ಹಿಡಿಯಿತು.

ಮೊನ್ನೆ ಸಂಜೆ ಸಂಪಂಗಿ ಆ ಕಲ್ಲಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದ. ನನ್ನ ಹಳೆಯ ಸೀಳಿನಿಂದ ನೀರು ತೊಟ್ಟಿಕ್ಕಿ ಗಿಡಕ್ಕೆ ಸೇರದೆ ನೆಲದಲ್ಲಿ ಹರಿಯುತ್ತಿತ್ತು. ಅವನು ಬಗ್ಗಿ, ಹೆಬ್ಬೆರಳನ್ನು ಸೀಳಿನ ಮೇಲೆ ಒತ್ತಿ ಹಿಡಿದ. ಅವನಪ್ಪ ಸೋರುವ ಪೈಪನ್ನು ಹಿಡಿಯುತ್ತಿದ್ದದ್ದು ಹಾಗೆಯೇ. ನೀರು ನಿಂತಿತು.

ಅಡುಗೆಮನೆಯ ಕಿಟಕಿಯಿಂದ ಅಕ್ಕಯ್ಯಮ್ಮನ ದನಿ ಬಂತು.

“ಗೋಲ್!”